ಪಿ.ಟಿ. ಮೇಷ್ಟ್ರನ್ನು ಚಿತ್ ಮಾಡಿದ್ದು

ನಮ್ಮ ಪಿ.ಟಿ. ಮೇಷ್ಟ್ರನ್ನು ನಾನು ಮೊದಲ ಸಲ ಎತ್ತಿ ಒಗೆದದ್ದು ಹೆಗ್ಗಡದೇವನಕೋಟೆಯ ನನ್ನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆದ ಮೇಲೆ. ಒಗೆದದ್ದು ಟಿ.ವಿ.ಯೊಳಗೆ, ಒಂದು ಜಪಾನಿ ವಿಡಿಯೋ ಗೇಮಿನಲ್ಲಿ. ಆದರೂ ಎದೆಯ ಮೇಲಿದ್ದ ಒರಳುಕಲ್ಲನ್ನು ಯಾರೋ ಇಳಿಸಿದ ಹಾಗಾಯಿತು. ಇಳಿಸಿದ ಕಲ್ಲನ್ನು ಮತ್ತೆ ಎತ್ತಿ ಅವರ ಮೇಲೇ ಹಾಕಬೇಕು ಅಂತಲೂ ಅನ್ನಿಸಿತು.

ನಾನು ಹುಟ್ಟಿದ್ದು ಹಾರನಹಳ್ಳಿ ಹೋಬಳಿಯಲ್ಲಿ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು, ಹರೆಯದಲ್ಲಿ ಕುಸ್ತಿ ಆಡಿದ್ದವರು. ಗಂಡುಮಕ್ಕಳಿಲ್ಲದ್ದರಿಂದ ಆ ವಿದ್ಯೆಯೆಲ್ಲ ನನ್ನ ಪಾಲಿಗೆ ಬಂತು. ಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದಲ್ಲಿ ಮಣ್ಣು ಸಡಿಲ ಮಾಡಿ, ಅದಕ್ಕೊಂದಿಷ್ಟು ಎಣ್ಣೆ ಮಜ್ಜಿಗೆ ಕಲಸಿ, ಸಂಜೆ ಹೊತ್ತು ನನ್ನನ್ನು ಇಳಿಸುತ್ತಿದ್ದರು. "ದುಡುಕ್ಬ್ಯಾಡ ಕಣವ್ವ. ಎದುರ್ನೋಳು ಕಾಲು ಊರೋಗಂಟ ತಡ್ಕೊ. ಊರುದ್ಲಾ? ಆಗ ಎತ್ತು" ಎನ್ನುತ್ತಿದ್ದರು. ನಾನು ಎತ್ತುತ್ತಿದ್ದೆ. ಅಪ್ಪ ಬೇಕೆಂದೇ ಬಿದ್ದು ನಗುತ್ತಿದ್ದರು.

ಪಿಯುಸಿಗೆ ಪಿರಿಯಾಪಟ್ಟಣಕ್ಕೆ ಸೇರಿದಾಗ ಅಲ್ಲಿನ ಪಿ.ಟಿ. ಮೇಷ್ಟ್ರು ನನ್ನ ತೋಳು ನೋಡಿ, "ಜಿಲ್ಲಾ ಮಟ್ಟದ ಕುಸ್ತಿಗೆ ನೀನೇ ಹೋಗೋದು, ತಯಾರಾಗು" ಎಂದರು. ನಾನು ತಯಾರಾದೆ. ಹೊರಡುವ ದಿನ ಬೆಳಗ್ಗೆ ಮೈದಾನದಲ್ಲಿ ಎಲ್ಲರೂ ಸೇರಿದ್ದಾಗ ಮೇಷ್ಟ್ರು ಬೇರೊಬ್ಬಳನ್ನು ಕರೆದರು. ಅವಳು ಅವರ ಅಕ್ಕನ ಮಗಳು, ನನ್ನದೇ ಕ್ಲಾಸು. ಕೆಂಪು ಟೇಪು ಕಟ್ಟಿದ ಎರಡು ಜಡೆಯ, ಕಡ್ಡಿಯಂಥ ಹುಡುಗಿ. ನಾನು "ಸಾರ್?" ಎಂದೆ.

"ನಿನ್ನ ತೂಕ ಜಾಸ್ತಿ ಆಯ್ತಲ್ಲಮ್ಮ. ಎಮ್ಮೆ ತಂದು ಕುದ್ರೆ ರೇಸಿಗೆ ಬುಡಕ್ಕಾಯ್ತದಾ?"

ಮೈದಾನಕ್ಕೆ ಮೈದಾನವೇ ನಕ್ಕಿತು. ನನ್ನನ್ನು ಯಾರೂ ತೂಕದ ಯಂತ್ರದ ಮೇಲೆ ನಿಲ್ಲಿಸಿರಲೇ ಇಲ್ಲ. ಅಂದಿನಿಂದ ಕಾಲೇಜು ಬಿಡುವವರೆಗೆ ನಾನು ಎಮ್ಮೆಯೇ ಆದೆ. ಕೇಳಲಿಕ್ಕೆ ಅಪ್ಪ ಬಂದರು. ಅವರನ್ನು ಸ್ಟಾಫ್ ರೂಮಿನ ಹೊರಗೇ ನಿಲ್ಲಿಸಿ, ಒಳಗಿನಿಂದಲೇ ಮೇಷ್ಟ್ರು, "ಹೆಣ್ಮಕ್ಳಿಗ್ಯಾಕ್ರೀ ಕುಸ್ತಿ? ಮುದ್ದೆ ತಿರುವೋದು ಕಲ್ಸಿ ಹೋಗಿ" ಅಂದರು. ಅಪ್ಪ ತಲೆ ತಗ್ಗಿಸಿ ಬಂದರು. ಮುಂದಿನ ಬೇಸಾಯಕ್ಕೆ ಆ ಮಣ್ಣಿನ ಅಂಕಣವನ್ನೂ ಸೇರಿಸಿ ಉತ್ತುಬಿಟ್ಟರು. ಎಮ್ಮೆ ಅಂದದ್ದನ್ನು ನಾನು ಹೇಗೋ ನುಂಗಿಕೊಂಡಿರುತ್ತಿದ್ದೆನೋ ಏನೋ. ಅಪ್ಪ ತಲೆ ತಗ್ಗಿಸಿದ್ದನ್ನು ನುಂಗಲು ಆಗಲಿಲ್ಲ.

ಮದುವೆಯಾಗಿ ಕೋಟೆಗೆ ಬಂದೆ, ಹೊಲಿಗೆ ಅಂಗಡಿ ಇಟ್ಟೆ. ಗೇಮು ಬಂದದ್ದು ಈಚೆಗೆ, ಬೈಲಕುಪ್ಪೆಯ ಟಿಬೆಟನ್ ಗೆಳತಿಯಿಂದ. ಕಾಲೇಜಿನಲ್ಲಿ ಒಂದೇ ಬೆಂಚಿನವಳು, ನನ್ನನ್ನು ಯಾವತ್ತೂ ಎಮ್ಮೆ ಎನ್ನದವಳು. ಅವಳ ತಂಗಿ ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ವಾಪಸ್ಸು ಬರುವಾಗ ಅಲ್ಲಿಂದ ಒಂದು ಹಳೆಯ ಗೇಮಿನ ಪೆಟ್ಟಿಗೆ, ಒಂದಷ್ಟು ಡಿಸ್ಕು ತಂದಿದ್ದಳು. ಅದರಲ್ಲಿ ಒಂದು ಕುಸ್ತಿಯದು.

"ನಮ್ಮನೇಲಿ ಯಾರೂ ಆಡಲ್ಲ ಕಣೆ. ನಿಂಗೆ ಕುಸ್ತಿ ಅಂದ್ರೆ ಪ್ರಾಣ ಅಲ್ವಾ, ಇಟ್ಕೊ" ಎಂದು ಗೆಳತಿ ಸ್ವೆಟರ್ ಮಾರುವ ಚೀಲದಲ್ಲಿ ಸುತ್ತಿ ತಂದುಕೊಟ್ಟಳು. ಜೊತೆಗೆ ಇಟ್ಟಿಗೆಯಷ್ಟು ಭಾರದ ಇನ್ನೊಂದು ಪೆಟ್ಟಿಗೆ. ನಮ್ಮ ಕರೆಂಟನ್ನು ಜಪಾನಿನ ಅಳತೆಗೆ ಇಳಿಸುವುದಕ್ಕಂತೆ. ಅದಿಲ್ಲದೆ ಹಾಕಿದರೆ ಸುಟ್ಟುಹೋಗುತ್ತದೆ ಎಂದು ಹತ್ತಾರು ಸಲ ಹೇಳಿಹೋದಳು.

ಡಿಸ್ಕ್ ಹಾಕಿದರೆ ಬರೀ ಜಪಾನಿ ಅಕ್ಷರ. ಒತ್ತಿ ಒತ್ತಿಯೇ ಕಲಿತೆ. ಸೊನ್ನೆ ಗುರುತಿನ ಗುಂಡಿ ಒತ್ತಿದರೆ ಹೂಂ, ಗುಣಿಸುವ ಗುರುತು ಒತ್ತಿದರೆ ಬೇಡ. ಮೊದಮೊದಲು ಸಿಕ್ಕ ಗುಂಡಿಯನ್ನೆಲ್ಲ ಕುಟ್ಟಿ ಸೋತೆ. ಆಮೇಲೆ ಗೊತ್ತಾಯಿತು, ಈ ಆಟದಲ್ಲಿ ಕುಟ್ಟಿದವನು ಗೆಲ್ಲುವುದಿಲ್ಲ. ಇಬ್ಬರೂ ಹತ್ತಿರ ಬಂದು ತೋಳು ಹೆಣೆದುಕೊಂಡು ಕಾಲೂರುತ್ತಾರಲ್ಲ, ಸರಿಯಾಗಿ ಆ ಗಳಿಗೆಯಲ್ಲಿ ಒತ್ತಬೇಕು. ಮುಂಚೆ ಒತ್ತಿದರೆ ನಾವು ನೆಲಕ್ಕೆ. ಅಪ್ಪ ಹೇಳಿದ್ದೂ ಅದನ್ನೇ.

ಹೀಗೆ ತಡಕಾಡುತ್ತ ಒಂದು ದಿನ ಬೇರೆಯೇ ಒಂದು ಬಾಗಿಲು ತೆರೆಯಿತು. ಅಲ್ಲಿ ನಮಗೆ ಬೇಕಾದ ಪೈಲ್ವಾನರನ್ನು ನಾವೇ ಮಾಡಿಕೊಳ್ಳಬಹುದಿತ್ತು. ಮೂಗು, ಮೀಸೆ, ಹೊಟ್ಟೆ, ಬಟ್ಟೆಯ ಬಣ್ಣ ಎಲ್ಲ ನಮ್ಮ ಇಷ್ಟ. ನಾನು ಯೋಚನೆಯನ್ನೇ ಮಾಡಲಿಲ್ಲ. ಕೈ ತಾನಾಗಿ ಹೋಗಿ ಆ ಮೀಸೆಯನ್ನು ಹುಡುಕಿತು. ಬೋಳುತ್ತಿದ್ದ ಹಣೆ, ನೀಲಿ ಟ್ರ್ಯಾಕ್ ಪ್ಯಾಂಟು, ಬಿಳಿ ಟೀಶರ್ಟು ಇಟ್ಟೆ. ಸೀಟಿ ಸಿಗಲಿಲ್ಲ, ಕೊರಳಿಗೊಂದು ಸರ ಹಾಕಿದೆ. ಎಡಗೆನ್ನೆಯ ನರುಳ್ಳೆಯನ್ನೂ ಬಿಡಲಿಲ್ಲ. ಆಮೇಲೆ ಎರಡು ಜಡೆಯ ಹುಡುಗಿಯನ್ನು ಮಾಡಿದೆ, ಅವಳಿಗೆ ಶಕ್ತಿಯನ್ನು ಎಷ್ಟು ಕಮ್ಮಿ ಇಡಬಹುದೋ ಅಷ್ಟು ಇಟ್ಟೆ. ಕೊನೆಗೆ ನನ್ನನ್ನು ಮಾಡಿಕೊಂಡೆ. ದಪ್ಪ ತೋಳು, ದಪ್ಪ ತೊಡೆ, ಕಪ್ಪು ಬಟ್ಟೆ. ಹೆಸರಿನ ಜಾಗದಲ್ಲಿ ಎಮ್ಮೆ ಕೊಂಬಿನ ಹಾಗೆ ಕಂಡ ಒಂದು ಜಪಾನಿ ಅಕ್ಷರ ಹಾಕಿದೆ. ಅದರ ಅರ್ಥ ಏನೋ ಇವತ್ತಿಗೂ ಗೊತ್ತಿಲ್ಲ.

ಅವತ್ತಿನಿಂದ ಮಧ್ಯಾಹ್ನ ಗಿರಾಕಿಗಳು ಕಮ್ಮಿ ಇದ್ದಾಗಲೆಲ್ಲ ಮೇಷ್ಟ್ರಿಗೆ ಪೂಜೆ. ಬೆನ್ನ ಮೇಲೆ ಹೊತ್ತು ತಿರುಗಿಸಿ ಒಗೆಯುವುದು, ಕಾಲು ಮಡಿಸಿ ಕೂತು ಹಿಂದಕ್ಕೆ ಎಳೆಯುವುದು, ಅಖಾಡದ ಹಗ್ಗದ ಆಚೆ ತಳ್ಳಿ ಕುರ್ಚಿಯಿಂದ ಬಡಿಯುವುದು. ಅವರು ನೆಲ ತಟ್ಟಿ ಸಾಕು ಅಂದರೂ ಬಿಡಲು ನನ್ನ ಬೆರಳು ಒಪ್ಪುತ್ತಿರಲಿಲ್ಲ. ಆಮೇಲೆ ಬಂದು ಹೊಲಿಗೆ ಮಿಷನ್ನು ತುಳಿದರೆ ಹೊಲಿಗೆ ನೇರ ಓಡುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಮೇಷ್ಟ್ರು ನಿಜವಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂದರು.

ಹಿಂದೆ ಒಬ್ಬಳು ಹೆಂಗಸು ಕಾಲೆಳೆದುಕೊಂಡು ಬಂದಳು. ಜಡೆ ಒಂದೇ ಆಗಿತ್ತು, ಮುಖ ಅದೇ. ಮೇಷ್ಟ್ರ ಮಗನಿಗೆ ಕೋಟೆಗೆ ವರ್ಗವಾದ್ದರಿಂದ ಅವರೆಲ್ಲ ಇಲ್ಲಿಗೆ ಬಂದಿದ್ದರು. ಆ ಮಗನಿಗೇ ಅಕ್ಕನ ಮಗಳನ್ನು ತಂದುಕೊಂಡಿದ್ದರಂತೆ. ಹಳೇ ವಿದ್ಯಾರ್ಥಿಗಳು ಸನ್ಮಾನ ಇಟ್ಟುಕೊಂಡಿದ್ದಾರೆ, ಒಂದು ಜುಬ್ಬಾ ಹೊಲಿಯಬೇಕು ಎಂದರು. ನನ್ನ ಗುರುತು ಇಬ್ಬರಿಗೂ ಹತ್ತಲಿಲ್ಲ. ಟೇಪು ಹಿಡಿದು ಅಳತೆ ತೆಗೆದೆ. ನನ್ನ ಟಿ.ವಿ.ಯಲ್ಲಿರುವವರಿಗಿಂತ ಹೊಟ್ಟೆ ಇಳಿದಿತ್ತು, ಭುಜ ಕುಸಿದಿತ್ತು. ಅಯ್ಯೋ ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ.

ಒಳಗೆ ಗೇಮು ಹಾಕಿಯೇ ಇತ್ತು. ಸುಮ್ಮನೆ ಬಿಟ್ಟರೆ ಅದು ತಾನೇ ಇಬ್ಬರನ್ನು ಆರಿಸಿ ಕಾದಾಡಿಸುತ್ತದೆ. ಅದರೊಳಗಿನ ಮೈ ಬಡಿಯುವ ಸದ್ದು, ಜನರ ಗದ್ದಲ ಕೇಳಿ ಮೇಷ್ಟ್ರು ಕಿವಿ ಕೊಟ್ಟರು.

"ಏನಮ್ಮ, ಕುಸ್ತಿನಾ? ನಾನೂ ಕುಸ್ತಿ ಕಲ್ಸಿದೋನೇ ಕಣಮ್ಮ. ಎಷ್ಟು ಹೆಣ್ಮಕ್ಳನ್ನ ಮುಂದಕ್ಕೆ ತಂದಿವ್ನಿ ಗೊತ್ತಾ?"

ನನ್ನ ಕೈಯಲ್ಲಿದ್ದ ಟೇಪು ಸುತ್ತಿಕೊಂಡಿತು. ಪರದೆ ಸರಿಸಿದೆ. "ಬನ್ನಿ ಸಾರ್, ನೋಡಿವ್ರಂತೆ."

ಇಬ್ಬರನ್ನೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿ ಆಟವನ್ನು ಮೊದಲಿನಿಂದ ಶುರು ಮಾಡಿದೆ. ನೀಲಿ ಪ್ಯಾಂಟಿನ ಪೈಲ್ವಾನ ಕೈ ಬೀಸುತ್ತ ಬಂದ. ಎದುರು ಮೂಲೆಯಲ್ಲಿ ಎರಡು ಜಡೆಯವಳು ನಿಂತಿದ್ದಳು. ಮೇಷ್ಟ್ರು ಕಣ್ಣು ಕಿರಿದು ಮಾಡಿ, "ಇವ್ನು ಯಾವನೋ ನಮ್ ಕಡೆಯೋನ್ ತರ ಅವ್ನಲ್ಲಮ್ಮ" ಎಂದರು. ಸೊಸೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

"ಮಾವ, ಇದು ನೀವೇಯ."

"ಎಮ್ಮೆ ತಂದು ಕುದ್ರೆ ರೇಸಿಗೆ ಬುಡಕ್ಕಾಯ್ತದಾ ಅಂದಿದ್ರಲ್ಲ ಸಾರ್," ಎಂದೆ. "ಆ ಎಮ್ಮೆ ನಾನು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವಾಗ್ಲೋ ತಮಾಷೆಗೆ ಅಂದಿರ್ತೀನಿ ಕಣಮ್ಮ. ತೂಕ ಜಾಸ್ತಿ ಇದ್ದಿರ್ಬೇಕು."

"ತೂಕ ಹಾಕ್ಲೇ ಇಲ್ಲ ಸಾರ್. ಕೇಳಕ್ಕೆ ಬಂದ ನಮ್ಮಪ್ಪನ್ನ ಬಾಗ್ಲಾಚೆ ನಿಲ್ಸಿದ್ರಿ."

"ಹಾಕಿರ್ಲಿಲ್ಲ ಮಾವ," ಎಂದಳು ಸೊಸೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಂಗೆ ಕುಸ್ತಿ ಬ್ಯಾಡ ಅಂತ ಅತ್ತಿದ್ದೆ. ನಮ್ ಮನೆ ಹುಡ್ಗಿ ಹೆಸ್ರು ಬರ್ಲಿ ಅಂತ ತಳ್ಳುದ್ರಿ. ಅಲ್ಲಿ ಮೊದಲ್ನೇ ಕುಸ್ತೀಲೇ ಎದುರ್ನೋಳು ನನ್ ಮಂಡಿ ತಿರುಚಿ ಹಾಕುದ್ಲು. ಇವತ್ಗೂ ನೆಟ್ಗೆ ಮೆಟ್ಲು ಹತ್ತಕ್ಕಾಗಲ್ಲ. ಕುಂಟೀನ ಇನ್ಯಾರು ಮಾಡ್ಕತಾರೆ ಅಂತ ನಿಮ್ ಮಗನ್ಗೇ ಕಟ್ಟುದ್ರಿ. ದಿನಾ ಅದ್ನೇ ಉಪಕಾರ ಅಂತ ಆಡ್ತೀರಿ."

ಇಷ್ಟು ವರ್ಷ ನಾನು ಅವಳನ್ನೂ ಶಪಿಸುತ್ತಿದ್ದೆ. ಅವಳು ಟಿ.ವಿ.ಯ ಮೂಲೆಯತ್ತ ಬೆರಳು ಮಾಡಿದಳು. "ಆ ಎರಡು ಜಡೆಯೋಳು ನಾನಾ?"

"ಹೂಂ."

"ಎಲ್ಲಿ, ಅದ್ನ ಇಲ್ಲಿ ಕೊಡಕ್ಕ."

ಕಂಟ್ರೋಲರ್ ಕೊಟ್ಟೆ. ಅವಳು ಸಿಕ್ಕ ಗುಂಡಿಯನ್ನೆಲ್ಲ ಕುಟ್ಟಿದಳು. ನೀಲಿ ಪ್ಯಾಂಟಿನವನು ಅವಳನ್ನು ಹುಲ್ಲಿನ ಕಂತೆಯಂತೆ ಎತ್ತಿ ಬಿಸಾಡಿದ. ಮೇಷ್ಟ್ರು ತೊಡೆ ತಟ್ಟಿ ನಕ್ಕರು. "ನೋಡುದ್ಯಾ? ನನ್ ಮುಂದೆ ಆಟಾನಾ?"

ಆ ನಗು ನನಗೆ ಮೈದಾನದಿಂದಲೇ ಬಂದಂತೆ ಕೇಳಿಸಿತು. ಇನ್ನೊಂದು ಕಂಟ್ರೋಲರ್ ಚುಚ್ಚಿ ಆಟವನ್ನು ಜೋಡಿ ಕುಸ್ತಿಗೆ ಬದಲಾಯಿಸಿದೆ. ಈ ಕಡೆ ನಾವಿಬ್ಬರು, ಆ ಕಡೆ ಅವರೊಬ್ಬರೇ. "ದುಡುಕ್ಬ್ಯಾಡ," ಎಂದೆ ಅವಳಿಗೆ. "ಕಾಲು ಊರೋಗಂಟ ತಡ್ಕೊ. ತಡ್ಕೊ. ಈಗ!"

ಅವಳು ಒತ್ತಿದಳು. ಎರಡು ಜಡೆಯ ಕಡ್ಡಿ ಹುಡುಗಿ ಮೇಷ್ಟ್ರ ಸೊಂಟ ಹಿಡಿದು ಎತ್ತಿ, ತಲೆ ಕೆಳಗಾಗಿ ಬಡಿದಳು. ಸೊಸೆ ಕುರ್ಚಿಯಿಂದ ಅರ್ಧ ಎದ್ದು ಕಿರುಚಿದಳು. ಏಳಲು ಹೋದವರನ್ನು ನಾನು ಹಿಡಿದು ಹಗ್ಗಕ್ಕೆ ಒಗೆದೆ. ಅವರು ವಾಪಸ್ಸು ಬರುವಾಗ ಅವಳು ಕೊರಳಿಗೆ ತೋಳು ಅಡ್ಡ ಕೊಟ್ಟು ಕೆಡವಿದಳು. ಬಿದ್ದವರ ಮಂಡಿಯನ್ನು ಹಿಡಿದು ಅವಳು ತಿರುಚತೊಡಗಿದಳು. ಗುಂಡಿಯ ಮೇಲಿನ ಅವಳ ಹೆಬ್ಬೆರಳು ಬಿಳಿಚಿಕೊಂಡಿತ್ತು. ನಾನು ಅಖಾಡದ ಮೂಲೆಯ ಕಂಬ ಹತ್ತಿ ನನ್ನ ಇಡೀ ತೂಕವನ್ನು ಅವರ ಎದೆಯ ಮೇಲೆ ಬಿಟ್ಟೆ. ರೆಫರಿ ನೆಲ ಬಡಿದು ಎಣಿಸಿದ. ಚಿತ್.

ಮೇಷ್ಟ್ರ ನಗು ಯಾವಾಗಲೋ ನಿಂತಿತ್ತು. "ಏನೋ ಮಕ್ಕಳಾಟ," ಎಂದು ಎದ್ದರು. ಕಿವಿ ಕೆಂಪಾಗಿತ್ತು. "ನಡಿಯಮ್ಮ, ಹೊತ್ತಾಯ್ತು."

ಅವಳು ತಿರುಗಿ ಕೂಡ ನೋಡಲಿಲ್ಲ. "ನೀವು ಆಚೆ ನಿಂತಿರಿ ಮಾವ. ಇನ್ನೊಂದಾಟ ಆಡಿ ಬತ್ತೀನಿ."

ಅವರು ನಿಂತರು, ಬಿಸಿಲಿನಲ್ಲಿ, ಕೈಯಲ್ಲಿ ಜುಬ್ಬಾದ ಬಟ್ಟೆ ಹಿಡಿದುಕೊಂಡು. ತಪ್ಪಾಯಿತು ಎನ್ನಲಿಲ್ಲ. ನಾನೂ ಕಾಯಲಿಲ್ಲ. ಜುಬ್ಬಾವನ್ನು ಬೇರೆ ಕಡೆ ಹೊಲಿಸಿದರಂತೆ, ಸನ್ಮಾನವೂ ಆಯಿತಂತೆ, ಹಾರ ಹಾಕಿಸಿಕೊಂಡು ಬಂದರಂತೆ. ಇರಲಿ. ಮನೆಯಲ್ಲಿ ಮಾತ್ರ ಈಗ ಅವರು ಕುಂಟಿ ಎನ್ನುವ ಮಾತು ಎತ್ತುವುದಿಲ್ಲವಂತೆ.

ಅವಳು ಬ್ಲೌಸ್ ಹೊಲಿಸುವ ನೆಪದಲ್ಲಿ ಸಂತೆ ದಿನ ಬರುತ್ತಾಳೆ, ಸಕ್ಕರೆ ಕಮ್ಮಿ ಹಾಕಿದ ಚಹಾ ಕುಡಿಯುತ್ತಾಳೆ, ಆಡುತ್ತಾಳೆ. ಈಗ ನನಗಿಂತ ಚೆನ್ನಾಗಿ ಆಡುತ್ತಾಳೆ. ಮೊನ್ನೆ ಬಂದವಳು ಒಂದಾಟ ಮುಗಿಸಿ ಬೇಜಾರಿನಿಂದ ಕಂಟ್ರೋಲರ್ ಕೆಳಗಿಟ್ಟಳು.

"ಮಾವ ಬಿರ್ನೆ ಬಿದ್ದೋಯ್ತರೆ ಕಣಕ್ಕ. ಮಜಾನೇ ಇಲ್ಲ. ಅವ್ರಿಗೆ ಒಂಚೂರು ಶಕ್ತಿ ಜಾಸ್ತಿ ಮಾಡು, ಇನ್ನೊಸಿ ಹೊತ್ತು ತಡ್ಕೊಳ್ಳಿ."

ನಾನು ಮೇಷ್ಟ್ರಿಗೆ ಶಕ್ತಿ ತುಂಬಿಕೊಟ್ಟೆ.