ಅವ್ವನ ತೌರು ಹುಡುಕಿದ ನಾಲ್ಕು ದಿನ

ಯುದ್ಧದಿಂದಾಗಿ ಪೆಟ್ರೋಲು ಸಿಗದ ಕಾಲ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೊರಟ ನಮ್ಮ ಬಸ್ಸು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ಕ್ಲೀನರು ಹಿಂಬದಿಯ ಒಲೆಗೆ ಇದ್ದಿಲು ತುಂಬಿ, ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ಅದು ಕದಲಿತು. ಏರು ಬಂದಲ್ಲೆಲ್ಲ ನಾವು ಇಳಿದು ನಡೆದೆವು. ಇಪ್ಪತ್ತು ಮೈಲಿಗೆ ಮೂರು ಗಂಟೆ ಹಿಡಿಯಿತು. ಪುಷ್ಯಮಾಸದ ಚಳಿಯಾದ್ದರಿಂದ ಯಾರೂ ಗೊಣಗಲಿಲ್ಲ.

ನಾನು ಹೊರಟದ್ದು ಅವ್ವನಿಗಾಗಿ. ಪ್ಲೇಗಿನ ವರ್ಷ ಅವಳಿನ್ನೂ ಆರು ತಿಂಗಳ ಕೂಸು. ಅರಕಲಗೂಡಿನ ಗಾಡಿಯವನೊಬ್ಬ ಅವಳನ್ನು ನಮ್ಮೂರಿಗೆ ತಂದು, ಅವಳ ತಂದೆಯ ಗೆಳೆಯರ ಮನೆಯಲ್ಲಿ ಬಿಟ್ಟುಹೋಗಿದ್ದ. ತಂದೆ ಧಾನ್ಯದ ವ್ಯಾಪಾರಿ ರುದ್ರಪ್ಪನವರು, ತಂದೆ ತಾಯಿ ಇಬ್ಬರೂ ತೀರಿಕೊಂಡರು ಎಂಬುದಷ್ಟೇ ಸಾಕಿದವರಿಗೆ ಗೊತ್ತಿದ್ದದ್ದು. ತಾಯಿಯ ಹೆಸರು ಅವರಿಗೂ ತಿಳಿಯದು. ಹೋದ ವರ್ಷ ಜ್ವರದಲ್ಲಿ ಮಲಗಿದ್ದಾಗ ಅವ್ವ ಮೊದಲ ಸಲ ಆ ಮಾತೆತ್ತಿದಳು: "ಎತ್ತವ್ವನ ಎಸ್ರೂ ಗೊತ್ತಿಲ್ಲ. ನನ್ನ ಹುಡೀಕ್ಕಂಡು ಒಬ್ರೂ ಬರ್ನಿಲ್ವಲ್ಲಪ್ಪ."

ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರು, ಕಾಗದವನ್ನು ನಂಬಿದವನು. ಕಲ್ಕತ್ತೆಯ ದೊಡ್ಡ ಪುಸ್ತಕಾಲಯಕ್ಕೇ ಬರೆದೆ. ಹಳೆಯ ಜನಗಣತಿಯ ಸಂಪುಟಗಳಿವೆ, ಆದರೆ ಅವುಗಳಲ್ಲಿ ತಲೆಗಳ ಲೆಕ್ಕವಿದೆಯೇ ಹೊರತು ಹೆಸರುಗಳಿಲ್ಲ ಎಂದು ವಿನಯದ ಉತ್ತರ ಬಂತು. ಇನ್ನು ಕಾಲಿಗೇ ಕೆಲಸ ಕೊಡಬೇಕಾಯಿತು.

ಅರಕಲಗೂಡಿನ ತಾಲ್ಲೂಕು ಕಚೇರಿಯ ಗುಮಾಸ್ತರು ಹಳೆಯ ದಪ್ಪ ಪುಸ್ತಕಗಳನ್ನು ತೆಗೆಸಿಕೊಟ್ಟರು. ಮಧ್ಯಾಹ್ನದವರೆಗೆ ಧೂಳು ಕುಡಿದ ಮೇಲೆ ರುದ್ರಪ್ಪನವರ ಹೆಸರು, ಅವರ ತಂದೆಯ ಹೆಸರು ಸಿಕ್ಕವು. ಹೆಂಗಸರ ಹೆಸರು ಒಂದೂ ಇರಲಿಲ್ಲ. ಪೇಟೆಯ ಮುದುಕ ವ್ಯಾಪಾರಿಯೊಬ್ಬರು ನನ್ನನ್ನು ಮನೆಗೆ ಕರೆದೊಯ್ದು ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ರುದ್ರಪ್ಪನವರ ಮನೆತನಕ್ಕೆ ಸೇರಿದ ಹೆಳವ ಈಗ ಶಾಂತಿಗ್ರಾಮದಲ್ಲಿ ಬೀಡುಬಿಟ್ಟಿದ್ದಾನೆ, ಅವನನ್ನು ಕೇಳಿ ಎಂದರು. ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು, ಸುಗ್ಗಿಯ ನಂತರ ಎತ್ತಿನ ಮೇಲೆ ಊರೂರು ತಿರುಗಿ ಹಾಡಿ ಹೇಳುವವರು ಹೆಳವರು.

ಮರುದಿನ ಹಾಸನದಲ್ಲಿ ಬಸ್ಸು ಬದಲಿಸಿದೆ. ಸಕ್ಕರೆಗೆ ರೇಷನ್ನು, ಹೋಟೆಲಿನಲ್ಲಿ ಬೆಲ್ಲದ ಕಾಫಿ ಕೊಟ್ಟರು. ಅಲ್ಲಿಂದ ಎಂಟು ಮೈಲಿ ಶಾಂತಿಗ್ರಾಮ. ಹೆಳವ ಕಣದ ಪಕ್ಕ ಹೊಂಗೆ ಮರದಡಿ ಕೂತಿದ್ದ. ನಾನು ಹೇಳಿದ್ದನ್ನು ಕೇಳಿ ಬಟ್ಟೆಯ ಗಂಟು ಬಿಚ್ಚಿದ, ಪುಸ್ತಕಕ್ಕೆ ಕೈಮುಗಿದ, ಏಳು ತಲೆಮಾರು ಹಾಡಿದ. ಗಂಡಸರೆಲ್ಲ ಬಂದರು. ರುದ್ರಪ್ಪನವರ ಹೆಂಡತಿಯ ಹೆಸರೇನು ಎಂದೆ.

"ಎಣ್ಮಕ್ಕಳ ಎಸ್ರು ಬರಿಯಾಕಿಲ್ಲ ಸಾ," ಎಂದು ಪುಟದ ಮೇಲೆ ಬೆರಳಾಡಿಸಿದ. "ಎಣ್ಣು ಎಲ್ಲಿಂದ ತಂದ್ರು ಅನ್ನಾದು ಐತೆ. ಚನ್ನರಾಯಪಟ್ಟಣ, ಕೊಬ್ರಿ ಚೆನ್ನವೀರಪ್ಪನ ಮನೆ."

ಮೂರನೆಯ ದಿನ ಚನ್ನರಾಯಪಟ್ಟಣದಲ್ಲಿ ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೋಟೆಯ ಹತ್ತಿರ ಅದೇ ಕೊಬ್ಬರಿ ವ್ಯಾಪಾರ ಇನ್ನೂ ನಡೆದಿತ್ತು. ಜಗುಲಿಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ಚೆನ್ನವೀರಪ್ಪನವರ ಕಿರಿಮಗಳು, ಬಸಮ್ಮ. ಅರಕಲಗೂಡಿಗೆ ಕೊಟ್ಟಿದ್ದ ಅವರ ಅಕ್ಕನ ವಿಚಾರ ಕೇಳಬೇಕಿತ್ತು ಎಂದೆ. ಅವರ ಕೈ ನಿಂತಿತು.

ಅಕ್ಕ, ಭಾವ ಪ್ಲೇಗಿನಲ್ಲಿ ಹೋದ ಸುದ್ದಿ ಕೇಳಿ ಅಪ್ಪನೂ ತಾನೂ ಗಾಡಿ ಕಟ್ಟಿಸಿಕೊಂಡು ಹೋಗಿದ್ದೆವು ಎಂದರು. ಆಗ ಅವರಿಗೆ ಹನ್ನೆರಡು ವರ್ಷ. ಬೀದಿಯ ಮನೆಗಳೆಲ್ಲ ಬೀಗ ಹಾಕಿದ್ದವು, ಜನ ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ಮಗುವೂ ಹೋಯಿತೆಂದು ಅಲ್ಲಿ ಯಾರೋ ಹೇಳಿದರು. ಬರಿಗೈಲಿ ತಿರುಗಿ ಬಂದರು.

ಮಗು ಬದುಕಿದೆ, ನಾನು ಅದರ ಮಗ ಎಂದೆ. ಬಸಮ್ಮ ಅವರೆಕಾಯಿ ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ, "ಅವಳ್ಗೆ ಏನಂತ ಎಸ್ರಿಟ್ರು?" ಎಂದು ಕೇಳಿದರು.

"ದೇವೀರಮ್ಮ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅದು ನಮ್ಮಕ್ಕನ ಎಸ್ರು ಕಣಪ್ಪ."

'ದೇವೀರಮ್ಮನ ಮಗು' ಎಂದು ಹೇಳಿ ಗಾಡಿಯವನು ಕೂಸನ್ನು ಒಪ್ಪಿಸಿರಬೇಕು. ಗಾಬರಿಯಲ್ಲಿದ್ದವರು ಅದನ್ನೇ ಮಗುವಿನ ಹೆಸರೆಂದುಕೊಂಡಿರಬೇಕು. ನಲವತ್ತಕ್ಕೂ ಹೆಚ್ಚು ವರ್ಷ ಊರವರೆಲ್ಲ ಅವ್ವನನ್ನು ಅವಳ ತಾಯಿಯ ಹೆಸರಿನಿಂದಲೇ ಕೂಗಿದ್ದರು.

ಬಸಮ್ಮ ಒಳಹೋಗಿ ಸೀರೆ ಬದಲಿಸಿ ಬಂದರು. ಬಸ್ಸು ಮರುದಿನ ಬೆಳಿಗ್ಗೆಯೇ ಇರುವುದು ಎಂದು ಅಂಗಡಿ ನೋಡಿಕೊಳ್ಳುವ ಅವರ ಅಣ್ಣನ ಮಗ ಹೇಳಿದರೂ ಆ ಸೀರೆ ತೆಗೆಯಲಿಲ್ಲ.

ನಾಲ್ಕನೆಯ ದಿನ ನಡುಹಗಲಿಗೆ ಹೊಳೆನರಸೀಪುರ ಸೇರಿದೆವು. ಅವ್ವ ಬಾಗಿಲಿಗೆ ಬಂದಳು. ದಾರಿಯುದ್ದಕ್ಕೂ ನಾನು ಹೊಂದಿಸಿಕೊಂಡಿದ್ದ ಮಾತುಗಳು ಬೇಕಾಗಲಿಲ್ಲ. ಬಸಮ್ಮ ಅವಳ ಎರಡೂ ಕೈ ಹಿಡಿದುಕೊಂಡು, ತನ್ನ ಅಕ್ಕ ಯಾರು, ಅವಳ ಹೆಸರೇನು ಎಂಬುದನ್ನೆಲ್ಲ ಹೊಸ್ತಿಲಲ್ಲೇ ನಿಂತು ಹೇಳಿದರು. ಕೊನೆಗೆ, "ಬಂದಿದ್ವಿ ಕಣವ್ವ. ನೀನಿಲ್ಲ ಅಂದ್ಬುಟ್ರು," ಎಂದರು.

ಅವ್ವ ಅಳುತ್ತಾಳೆಂದುಕೊಂಡಿದ್ದೆ. ಅವಳು ಒಳಗಿನಿಂದ ಚೊಂಬಿನಲ್ಲಿ ನೀರು ತಂದು, ಬಗ್ಗಿ ತಾನೇ ಅವರ ಕಾಲಿಗೆ ಹಾಕಿದಳು.

"ಒಳೀಕೆ ಬಾ ಚಿಕ್ಕವ್ವ, ಉಣ್ಣೀವಂತೆ," ಎಂದಳು.

ಅವ್ವ ಯಾರನ್ನಾದರೂ ಹಾಗೆ ಕರೆದದ್ದನ್ನು ನಾನು ಅಂದಿನವರೆಗೆ ಕೇಳಿರಲಿಲ್ಲ.