ಗುರುರಾಜರಾಯರ ಪ್ಯಾಸಿವ್ ವಾಯ್ಸ್

ಹೈದರಾಬಾದಿನ ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದ ಗುರುರಾಜರಾಯರು ಮೂವತ್ತು ವರ್ಷ ಸರ್ಕಾರಿ ಕಡತ ಬರೆದು ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಅವರಿಂದ ಒಂದೂ ತಪ್ಪಾಗಿರಲಿಲ್ಲ. ಎಂದರೆ, ಆದ ಯಾವ ತಪ್ಪಿನ ಪಕ್ಕದಲ್ಲೂ ಅವರ ಹೆಸರಿರಲಿಲ್ಲ. ಆ ಘನವಿದ್ಯೆಯನ್ನೇ ಈಗ ಹೈಟೆಕ್ ಸಿಟಿಯ ಕಂಪನಿಗಳ ಕನಸು ಕಾಣುವ ಮಕ್ಕಳಿಗೆ ಧಾರೆ ಎರೆಯುತ್ತಿದ್ದರು.

"ನಾನು ಕಿಟಕಿ ಒಡದೆ ಅನ್ನೂದು ಆ್ಯಕ್ಟಿವ್. ಕಿಟಕಿ ಒಡೆಯಲ್ಪಟ್ಟಿತು ಅನ್ನೂದು ಪ್ಯಾಸಿವ್. ಒಡದಾಂವ ಎಲ್ಲಿ ಹೋದ? ನಮಗ್ಯಾಕ ಬೇಕು!"

ಬೆಣ್ಣೆಯಿಂದ ಕೂದಲು ತೆಗೆದಂತೆ ವಾಕ್ಯದಿಂದ ಮನುಷ್ಯನನ್ನು ತೆಗೆದುಬಿಡುತ್ತಿದ್ದರು. ಮುಂದಿನ ಬೆಂಚಿನ ಶೈಲಾ ಬಾಯಿ ತೆರೆದು ಕೇಳುತ್ತಿದ್ದಳು. ಅವಳ ಅಪ್ಪ ಮಲ್ಲಣ್ಣ ಯಾದಗಿರಿ ಕಡೆಯವನು, ಕಂಪನಿಗಳ ಗಾಜಿನ ಕಟ್ಟಡಗಳಿಗೆ ಗಾರೆ ಹೊತ್ತವನು. ಅಂಥ ಕಟ್ಟಡದೊಳಗೆ ಕುರ್ಚಿ ಹಾಕಿಕೊಂಡು ಕೂರಬೇಕೆಂಬುದು ಅವಳ ಹಟ. ಒಂದು ಕಂಪನಿ ಪರೀಕ್ಷೆ ಇಟ್ಟಿತ್ತು. ಹನ್ನೊಂದು ಮಂದಿ ಫಾರಂ ತುಂಬಿ ರಾಯರ ಕೈಗೆ ಕೊಟ್ಟರು. ಅವನ್ನು ಒಟ್ಟಿಗೆ ಒಯ್ದು ಮುಟ್ಟಿಸುವುದು ರಾಯರ ಕೆಲಸ.

ರಾಯರಿಗೆ ಬಿಸಿಲು ಹೆಚ್ಚೆನಿಸಿತು. ಒಂದು ದಿನ ಮಲಗಿದರು, ಮರುದಿನವೂ ಮಲಗಿದರು. ಕೊನೆಯ ದಿನಾಂಕ ದಾಟಿಹೋಯಿತು. ಶೈಲಾಳ ಕೈಗೆ ವಾಪಸು ಬಂದ ಫಾರಂನಲ್ಲಿ ಅವಳ ಫೋಟೋದ ಮೇಲೇ ಚಹಾ ಕಪ್ಪಿನ ದುಂಡು ಕಲೆ ಇತ್ತು.

"ಕೊಟ್ಟೇ ಇಲ್ಲೇನ್ರಿ ಸರ್?"

"ಕೊಡಲಾಗಿಲ್ಲವ್ವಾ. ಹೆಂಗೋ ಉಳೀತು. ಸೆಂಟರಿನ ಮಾಲಕರು ಕೇಳಾಕತ್ತಾರ, ಇದಕ್ಕೊಂದು ಸಹಿ ಮಾಡು."

ಟೈಪು ಮಾಡಿದ ಹಾಳೆ. ಅಭ್ಯರ್ಥಿಯ ವಿಳಂಬದಿಂದಾಗಿ ಅರ್ಜಿ ಸಲ್ಲಿಸಲ್ಪಡಲಿಲ್ಲ ಎಂದು ಸೊಗಸಾದ ಇಂಗ್ಲಿಷಿನಲ್ಲಿತ್ತು. ಶೈಲಾ ಓದಿದಳು. ಒಂದು ಪದಕ್ಕೂ ತಡವರಿಸಲಿಲ್ಲ. ಪುಣ್ಯಾತ್ಮರು ಅಷ್ಟು ಚೆನ್ನಾಗಿ ಕಲಿಸಿದ್ದರು. ಈ ಮನುಷ್ಯನಿಗೆ ದಿನಾ ಎದ್ದು ನಿಂತು ನಮಸ್ಕಾರ ಹೇಳಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ತಡಾ ಮಾಡಿದವರು ನೀವು. ನಾ ಸಹಿ ಮಾಡೂದಿಲ್ಲ. ನಿಮಗ ನಾಚಿಕಿ ಅನ್ನೂದು ಐತೇನ್ರಿ?"

ಉಳಿದ ಹತ್ತು ಮಂದಿ ತಲೆ ತಗ್ಗಿಸಿ ನಿಂತಿದ್ದರು. ಆಗಲೇ ಸಹಿ ಮಾಡಿಬಿಟ್ಟಿದ್ದರು, ಪಾಪದವರು.

ರಾಯರು ಸಿಟ್ಟಾಗಲಿಲ್ಲ. ಸಿಟ್ಟಿಗೂ ಒಂದಿಷ್ಟು ಬೆನ್ನೆಲುಬು ಬೇಕು. ಹಾಳೆಯನ್ನು ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಸಹಿ ನಿರಾಕರಿಸಲ್ಪಟ್ಟಿತು ಎಂದು ಕೆಳಗೆ ದುಂಡಗೆ ಬರೆದರು. ತಾರೀಖು ಹಾಕಿದರು. ತಮ್ಮ ಸಹಿ ಮಾತ್ರ ಹಾಕಲಿಲ್ಲ.