ತಣ್ಣಗಾದ ಕಾಲು

ನಾಸಿಕದ ಶಾಲೆಯಲ್ಲಿ ನಮಗೆ ಇಂಗ್ಲಿಷ್ ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಕೈ, ಕಾಲು, ಮೂಗು, ಹೆಗಲು, ಮೈಮೇಲಿನ ಒಂದನ್ನೂ ಬಿಟ್ಟಿರಲಿಲ್ಲ ಆ ಮಹಾನುಭಾವರು. ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದರೆ ಅವ್ವ ರೊಟ್ಟಿ ಬಡಿಯುತ್ತಲೇ ತಕರಾರು ತೆಗೆಯುತ್ತಿದ್ದಳು. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು ಎಂದು ಹೇಳಿದ ದಿನ ಅವಳ ಕೈ ನಿಂತೇಬಿಟ್ಟಿತು. “ಅಯ್ಯ, ನಮ್ಮಲ್ಲಿ ಕೈ ಕೊಟ್ಟಾಂವನ್ನ ಜನ್ಮಪೂರ್ತಿ ಬೈತೀವಿ. ಏನ್ ಉಲ್ಟಾ ಮಂದಿನೋ ಏನೋ!” ಎಂದು ನಕ್ಕಳು. ಅಪ್ಪನ ಬ್ಯಾಂಕಿನ ವರ್ಗಾವಣೆಯ ಹಿಂದೆ ವಿಜಾಪುರದ ಕಡೆಯಿಂದ ಬಂದವಳು ಅವಳು. ಮರಾಠಿಯನ್ನು ಚೆನ್ನಾಗಿ ಕಲಿತಿದ್ದಳು. ಇಂಗ್ಲಿಷಿನಲ್ಲಿ ಬಿಡಿಬಿಡಿ ಪದಗಳಷ್ಟೇ ಗೊತ್ತು.

ನಾನು ಕಾಲೇಜು ಸೇರುವ ಹೊತ್ತಿಗೆ, ನಾಸಿಕದ ಹತ್ತಿರದ ಪಿಂಪಳಗಾಂವ್ ಬಸವಂತದ ಶಾಖೆಯಲ್ಲಿದ್ದ ಅಪ್ಪನ ಎರಡೂ ಕಿಡ್ನಿ ಕೆಟ್ಟವು. ಡಯಾಲಿಸಿಸ್ ಮಾಡಿಸಿಕೊಂಡು ಮಾಡಿಸಿಕೊಂಡು ಅಪ್ಪ ಸೊರಗಿ ಕಡ್ಡಿಯಾದ. ಬೇರೆ ಕಿಡ್ನಿ ಹಾಕದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಅವ್ವನಿಗೆ ಸಕ್ಕರೆ ಕಾಯಿಲೆ. ನನ್ನ ರಕ್ತದ ಗುಂಪು ಹೊಂದಲಿಲ್ಲ. ಉಳಿದವನು ಅಪ್ಪನ ತಮ್ಮ, ಕಾಕಾ ಒಬ್ಬನೇ. ಈಗ ಛತ್ರಪತಿ ಸಂಭಾಜಿನಗರ ಎನ್ನುವ, ಆಗಿನ ಔರಂಗಾಬಾದಿನಲ್ಲಿ ಅವನಿಗೆ ಕೇಂದ್ರ ಸರಕಾರದ ನೌಕರಿ. ನಮ್ಮಜ್ಜಿ ತೀರಿಕೊಂಡಾಗ ಅವನಿನ್ನೂ ಚಿಕ್ಕವನು. ಉಣಿಸಿ, ತಲೆ ಬಾಚಿ, ಶಾಲೆಗೆ ಕಳಿಸಿ ಅವನನ್ನು ದೊಡ್ಡವನನ್ನಾಗಿ ಮಾಡಿದವಳು ನಮ್ಮವ್ವ. ಫೋನಿನಲ್ಲಿ ವಿಷಯ ಕೇಳಿದ್ದೇ ತಡ, “ನಾ ಕೊಡ್ತೀನ್ರಿ ವೈನಿ, ನೀವು ಅಳಬ್ಯಾಡ್ರಿ” ಎಂದು ಅತ್ತಿಗೆಗೆ ಧೈರ್ಯ ಹೇಳಿದ. ಅವನ ಊರಿನ ಆಸ್ಪತ್ರೆಯಲ್ಲೇ ಏರ್ಪಾಡಾಯಿತು.

ಆಪರೇಷನ್ ಇನ್ನೇನು ಹತ್ತಿರ ಬಂತು ಎನ್ನುವಾಗ ಡಾಕ್ಟರು ನನ್ನನ್ನು ಕರೆಸಿದರು, ಅವ್ವನೂ ಜೊತೆಗೇ ಬಂದಳು. ಯಾವಾಗಲೂ ಮರಾಠಿಯಲ್ಲಿ ಮಾತಾಡುತ್ತಿದ್ದ ಮನುಷ್ಯ, ಅಂದು ಅವ್ವನಿಗೆ ತಿಳಿಯದಿರಲೆಂದು ದನಿ ತಗ್ಗಿಸಿ ನನಗೊಬ್ಬಳಿಗೇ ಇಂಗ್ಲಿಷಿನಲ್ಲಿ ಹೇಳಿದರು: ನಿಮ್ಮ ಅಂಕಲ್‌ಗೆ ‘ಕೋಲ್ಡ್ ಫೀಟ್’ ಆಗಿದೆ. ಎಂದರೆ ಕಾಕಾ ಅಂಜಿ ಹಿಂದೆ ಸರಿದಿದ್ದಾನೆ, ಕಿಡ್ನಿ ಕೊಡಲಾರ. ಬಾಯಿಪಾಠ ಮಾಡಿದ್ದ ನನಗೆ ತಕ್ಷಣ ಅರ್ಥವಾಯಿತು.

ಅವ್ವನಿಗೂ ಅರ್ಥವಾಗಿತ್ತು, ತನಗೆ ಗೊತ್ತಿದ್ದ ಬಿಡಿ ಪದಗಳಲ್ಲಿ. ಅಂಕಲ್ ಎಂದರೆ ಕಾಕಾ, ಕೋಲ್ಡ್ ಎಂದರೆ ತಣ್ಣಗೆ, ಫೀಟ್ ಎಂದರೆ ಕಾಲು. ನಮ್ಮ ಕಡೆ ಕಾಲು ತಣ್ಣಗಾದವೆಂದರೆ ಜೀವ ಹೊರಟಿದೆ ಎಂದೇ ಲೆಕ್ಕ. ಅಜ್ಜಿ ಹೋಗುವಾಗ ಅಂಗಾಲಿಗೆ ಶುಂಠಿಪುಡಿ ತಿಕ್ಕುತ್ತ ಕುಳಿತಿದ್ದವಳು ಇವಳೇ. “ಅಯ್ಯ ಶಿವನೇ, ಆ ಹುಡುಗಗ ಏನಾತು!” ಎನ್ನುತ್ತ ಎದ್ದವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. “ಅವ್ವಾ, ಥಾಂಬ್! ನಿಂದ್ರು, ಹಂಗಲ್ಲ!” ಎಂದು ಕೂಗುತ್ತ ನಾನೂ ಹಿಂದೆ ಓಡಿದೆ. ಗಾಬರಿಯಲ್ಲಿ ನನಗೆ ಮೊದಲು ಬಾಯಿಗೆ ಬರುವುದು ಮರಾಠಿಯೇ.

ಕಾಕಾ ತಪಾಸಣೆಯ ಕೋಣೆಯಲ್ಲಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವ್ವ ನೆಲದ ಮೇಲೆ ಕುಳಿತು ಅವನ ಎರಡೂ ಪಾದಗಳನ್ನು ಹಿಡಿದುಬಿಟ್ಟಿದ್ದಳು. ತಾಯಿಯಂಥ ವೈನಿ ಮೈದುನನ ಕಾಲು ಹಿಡಿಯುವುದೇ! ಕಾಕಾನ ಮುಖ ಬಿಳಿಚಿಕೊಂಡಿತು.

“ವೈನಿ, ಕಾಲ್ ಬಿಡ್ರಿ, ನಿಮಗ ಕೈ ಮುಗೀತೀನ್ರಿ. ನನಗ ಪಾಪ ಹಚ್ಚಬ್ಯಾಡ್ರಿ. ಕೊಡ್ತೀನಿ, ನಾ ಕೊಡ್ತೀನಿ” ಎಂದು ಗಳಗಳನೆ ಅತ್ತ.

“ಬೆಚ್ಚಗ ಅದಾವಲ್ಲೋ ತಮ್ಮಾ!” ಎಂದಳು ಅವ್ವ. ಅವನ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ. ಮುಖದಲ್ಲಿ ಎಂಥ ನೆಮ್ಮದಿ! “ಥಣ್ಣಗಾಗ್ಯಾವ ಅಂದ್ರು ಡಾಕ್ಟರು. ನನ್ನ ಜೀವಾನೇ ಹೋಗಿತ್ತು.”

ಆಮೇಲೆ ಅವನು ಅಂದದ್ದು ತಲೆಗೆ ಹೋಯಿತು. “ಕೊಡ್ತೀನಿ ಅಂತ ಈಗ್ಯಾಕ ಹೇಳ್ತಿ? ಕೊಡಾಂವ ಇದ್ದಿಲ್ಲೇನು?”

ಕಾಕಾ ತಲೆ ಎತ್ತಲಿಲ್ಲ. “ಭಾಳ ಅಂಜಿಕಿ ಬರ್ತದ್ರಿ ವೈನಿ. ನಿದ್ದಿನೇ ಹತ್ತೂದಿಲ್ಲ. ಸಣ್ಣ ಸಣ್ಣ ಮಕ್ಕಳದಾವ. ಆದ್ರ ನೀವು ಕಾಲು ಹಿಡದ ಮ್ಯಾಲ ಒಲ್ಲೆ ಅನ್ನೂದು ಹೆಂಗ್ರಿ?”

ಅವ್ವ ತನ್ನ ಕೈಗಳನ್ನು ನೋಡಿಕೊಂಡಳು. ಅವು ಇನ್ನೂ ಅವನ ಪಾದಗಳ ಮೇಲೇ ಇದ್ದವು. ಬಿಡಬೇಡ ಅವ್ವಾ, ಗಟ್ಟಿಯಾಗಿ ಹಿಡಿದುಕೋ ಎಂದು ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಚೀರುತ್ತಿದ್ದೆ. ನನಗೆ ಅಪ್ಪ ಬದುಕಬೇಕಿತ್ತು, ಬೇರೆ ಯಾವ ನ್ಯಾಯವೂ ಬೇಕಿರಲಿಲ್ಲ. ಅವ್ವ ಕೈ ತೆಗೆದಳು. ಸೆರಗಿನಿಂದ ಅವನ ಕಣ್ಣೊರೆಸಿ, “ಮನಿಗೆ ನಡಿ. ಮುಂಜಾನಿಂದ ಉಂಡಿಲ್ಲ ನೀ” ಎಂದಳು.

ಕೊಡುವವರು ಬೇರೆ ಯಾರೂ ಸಿಗಲಿಲ್ಲ. ಮುಂದಿನ ದ್ರಾಕ್ಷಿ ಸುಗ್ಗಿಗೆ ಮೊದಲೇ ಅಪ್ಪ ನಾಸಿಕದಲ್ಲಿ ತೀರಿಕೊಂಡ. ದಿನಕರ್ಮಕ್ಕೆ ಬಂದ ಕಾಕಾನ ಮುಖ ನೋಡಲೂ ನನಗೆ ಮನಸ್ಸಿರಲಿಲ್ಲ. ಅವ್ವ ಮಾತ್ರ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಕು ಸಾಕು ಎಂದರೂ ಕೇಳದೆ ಬಡಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಅವನು ಊರಿಗೆ ಹೋದ ಮೇಲೆ ಕೇಳಿಯೇಬಿಟ್ಟೆ: “ಕೈಯಾಗ ಸಿಕ್ಕಿದ್ದ ಕಾಲು ಯಾಕ ಬಿಟ್ಟಿ ಅವ್ವಾ? ಇನ್ನೊಂದು ಗಳಿಗಿ ಹಿಡದಿದ್ರ ಅಂವ ಕೊಡ್ತಿದ್ದ.”

ಅವ್ವ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

“ಕೊಡ್ತಿದ್ದ” ಎಂದಳು. “ಅದಕ್ಕ ಬಿಟ್ಟೆ.”